ಕಟ್ಟಿಗೆ ಒಡೆಯುವ ಯಂತ್ರ: ಟ್ರ್ಯಾಕ್ಟರಿಗೆ ಕಟ್ಟುವುದೋ, ಸ್ವಂತ ಇಂಜಿನ್ನಿನದೋ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಇಂದೂರಿನಲ್ಲಿ ಕೂಡಿದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳ್ಳಿಹಬ್ಬ ಎಂದ ಮೇಲೆ ಹಾರ-ತುರಾಯಿ ಇರುತ್ತದೆ, ಸಂಘ ಕಟ್ಟಿದ ಹಿರಿಯರ ನೆನಪು ಇರುತ್ತದೆ. ಅದೆಲ್ಲ ಆಗಬೇಕಾದದ್ದೇ. ಆದರೆ ಆಡಳಿತ ಮಂಡಳಿಯವರು ನನಗೆ ಹೇಳಿದ್ದು, "ನೀವು ಹೊಗಳಿಕಿ ಮಾತು ಬಿಡ್ರಿ, ನಮಗ ಒಂದು ಲೆಕ್ಕಾ ಹೇಳಿಕೊಡ್ರಿ" ಅಂತ. ಆ ಲೆಕ್ಕದ ಬಗ್ಗೆಯೇ ಮಾತಾಡುತ್ತೇನೆ.

ವಿಷಯ ನಿಮಗೆ ಗೊತ್ತಿದ್ದದ್ದೇ. ಸಂಘದ ಲಾಭದಲ್ಲಿ ಒಂದಿಷ್ಟು ಹಣ ತೆಗೆದಿಟ್ಟು, ಕಟ್ಟಿಗೆ ಒಡೆಯುವ ಯಂತ್ರ ತಂದು ಸದಸ್ಯರಿಗೆ ಬಾಡಿಗೆಗೆ ಕೊಡಬೇಕು ಎಂಬ ಸೂಚನೆ ಬಂದಿದೆ. ಯಂತ್ರ ಬೇಕು ಎನ್ನುವುದರಲ್ಲಿ ಹೆಚ್ಚು ತಕರಾರಿಲ್ಲ. ತಕರಾರು ಇರುವುದು ಯಾವ ಯಂತ್ರ ಎನ್ನುವುದರಲ್ಲಿ. ಒಂದು ಪಕ್ಷದವರು, "ಟ್ರ್ಯಾಕ್ಟರಿಗೆ ಕಟ್ಟುವಂಥದ್ದು ತರೋಣ, ಇಂಜಿನ್ ಖರ್ಚು ಉಳೀತದ" ಎನ್ನುತ್ತಾರೆ. ಇನ್ನೊಂದು ಪಕ್ಷದವರು, "ಸ್ವಂತ ಇಂಜಿನ್ ಇರೋದ ತರೋಣ, ಟ್ರ್ಯಾಕ್ಟರ್ ಇಲ್ಲದವರು ಏನ ಮಾಡಬೇಕು?" ಎನ್ನುತ್ತಾರೆ. ಎರಡೂ ಮಾತಿನಲ್ಲಿ ಹುರುಳಿದೆ. ಯಾವುದು ಯಾರಿಗೆ ಸರಿ ಎನ್ನುವುದನ್ನು ಬಿಡಿಸಿ ನೋಡೋಣ.

ಮೊದಲು, ಕಟ್ಟಿಗೆಯನ್ನು ಸೀಳುವುದು ಯಾಕೆ? ದಿಮ್ಮಿ ಒಲೆಗೆ ಹಿಡಿಯುವುದಿಲ್ಲ ಎನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಒಣಗುವುದು. ಈಗ ತಾನೇ ಕಡಿದ ಮರದ ತೂಕದಲ್ಲಿ ಹತ್ತಿರ ಅರ್ಧದಷ್ಟು ನೀರೇ ಇರುತ್ತದೆ. ತೊಗಟೆ ಆ ನೀರನ್ನು ಹೊರಗೆ ಬಿಡುವುದಿಲ್ಲ. ಸೀಳಿದ ಮುಖದಿಂದ ನೀರು ಬೇಗ ಆರುತ್ತದೆ. ಒಂದು ಕಿಲೋ ನೀರನ್ನು ಕಾಸಿ ಆವಿ ಮಾಡಿ ಓಡಿಸಲು ಸುಮಾರು 600 ಕಿಲೋ ಕ್ಯಾಲೊರಿ ಶಾಖ ಬೇಕು. ಹಸಿ ಕಟ್ಟಿಗೆ ಹಾಕಿದಾಗ ಆ ಶಾಖವೆಲ್ಲ ಕಟ್ಟಿಗೆಯೊಳಗಿನ ನೀರಿಗೇ ಹೋಗುತ್ತದೆ, ಹಂಡೆಗೆ ಸಿಗುವುದಿಲ್ಲ. ಬೆಂಕಿ ತಣ್ಣಗಾಗಿ ಹೊಗೆ ಏಳುತ್ತದೆ. ಆ ಹೊಗೆ ಕುಡಿಯುವವರು ಯಾರು? ಬಚ್ಚಲ ಒಲೆಯ ಮುಂದೆ ಕೂತ ನಮ್ಮ ತಾಯಂದಿರು, ಅಡಿಕೆ ಹಂಡೆಯ ಮುಂದೆ ನಿಂತ ಆಳುಗಳು.

ನಮ್ಮ ಮುಂಡಗೋಡ ತಾಲೂಕು ಅತ್ತ ಮಲೆನಾಡೂ ಹೌದು, ಇತ್ತ ಬಯಲುಸೀಮೆಯೂ ಹೌದು. ಭತ್ತ, ಗೋವಿನಜೋಳದ ಜೊತೆಗೆ ಅಡಿಕೆ ತೋಟವೂ ಇದೆ. ಅಡಿಕೆಯಲ್ಲಿ ಚಾಲಿ ಮಾಡುವವರಿಗೆ ಬೆಂಕಿಯ ಗೊಡವೆ ಇಲ್ಲ, ಹಣ್ಣಡಿಕೆಯನ್ನು ಬಿಸಿಲಿಗೆ ಹರವಿ ಒಣಗಿಸಿ ಸುಲಿಯುತ್ತಾರೆ. ಕೆಂಪಡಿಕೆ ಮಾಡುವವರು ಮಾತ್ರ ಹಸಿ ಅಡಿಕೆ ಸುಲಿದು ಬೇಯಿಸಲೇಬೇಕು. ಹಂಡೆ ಒಲೆಯ ಮೇಲೆ ಕೂತಿತೆಂದರೆ ಕಟ್ಟಿಗೆ ಸಿದ್ಧ ಇರಲೇಬೇಕು. ಸುಲಿದ ಅಡಿಕೆ ನಾಳೆ ಬಾ ಎಂದರೆ ಕಾಯುವುದಿಲ್ಲ. ಇದಲ್ಲದೆ ಬಚ್ಚಲ ನೀರು, ಮದುವೆ-ಮುಂಜಿ, ಜಾತ್ರೆಯ ಅಡುಗೆ, ಹೋಟೆಲ್ಲು ಇವೆ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಬಹಳ ಮನೆಗಳಿಗೆ ಗ್ಯಾಸು ಬಂತು, ಚಹಾ-ಪಲ್ಯ ಅದರ ಮೇಲೆ ಆಗುತ್ತದೆ. ಆದರೆ ಮಳೆಗಾಲದಲ್ಲಿ ಮನೆಮಂದಿಗೆಲ್ಲ ಸ್ನಾನದ ನೀರು ಗ್ಯಾಸಿನ ಮೇಲೆ ಕಾಸುವವರು ಎಷ್ಟು ಜನ? ಕೈ ಎತ್ತಿ ನೋಡೋಣ! (ನಗು.)

ಈಗ ಯಂತ್ರಕ್ಕೆ ಬರೋಣ. ಕೊಡಲಿ ಕೆಲಸ ಮಾಡುವುದು ಪೆಟ್ಟಿನಿಂದ. ಬೆಣೆ ಇಟ್ಟು ಚಮ್ಮಟಿಗೆಯಲ್ಲಿ ಹೊಡೆಯುವುದೂ ಪೆಟ್ಟೇ. ಈ ಯಂತ್ರ ಹೊಡೆಯುವುದಿಲ್ಲ, ಒತ್ತುತ್ತದೆ. ಒಂದು ಕಡೆ ಉಕ್ಕಿನ ಬೆಣೆ, ಇನ್ನೊಂದು ಕಡೆ ಎಣ್ಣೆಯ ಒತ್ತಡದಿಂದ ಮುಂದೆ ಬರುವ ದಂಡ, ನಡುವೆ ದಿಮ್ಮಿ. ನಿಮ್ಮ ಟಿಪ್ಪಿಂಗ್ ಟ್ರೇಲರನ್ನು ಎತ್ತುವ ಜಾಕ್ ಇದೆಯಲ್ಲ, ಅದೇ ಜಾಕನ್ನು ಅಡ್ಡ ಮಲಗಿಸಿದ ಹಾಗೆ ಎಂದು ತಿಳಿಯಿರಿ.

ಅದರ ಬಲ ಎಷ್ಟು? ಲೆಕ್ಕ ಸುಲಭ. ಜಾಕಿನ ಒಳವ್ಯಾಸ 10 ಸೆಂಟಿಮೀಟರ್ ಇದ್ದರೆ ಅದರ ಮುಖದ ವಿಸ್ತೀರ್ಣ ಸುಮಾರು 78 ಚದರ ಸೆಂಟಿಮೀಟರ್. ಎಣ್ಣೆಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 175 ಕಿಲೋ ಎಂದು ಹಿಡಿದರೆ ಒಟ್ಟು ಬಲ ಹದಿಮೂರೂವರೆ ಟನ್ನಿನ ಮೇಲೆ. ವ್ಯಾಸ ಹನ್ನೆರಡೂವರೆ ಸೆಂಟಿಮೀಟರ್ ಆದರೆ ಇಪ್ಪತ್ತೊಂದು ಟನ್ನು ದಾಟುತ್ತದೆ. ಅಂಗಡಿಯವ "ಇದು ಮೂವತ್ತು ಟನ್ನಿನ ಮಷಿನ್ ಸಾರ್" ಅಂದರೆ ಸುಮ್ಮನೆ ತಲೆ ಅಲ್ಲಾಡಿಸಬೇಡಿ. ಜಾಕಿನ ವ್ಯಾಸ ಎಷ್ಟು, ಒತ್ತಡ ಎಷ್ಟು ಎಂದು ಕೇಳಿ ನೀವೇ ಗುಣಿಸಿ ನೋಡಿ.

ಇಲ್ಲೊಂದು ಮಾತು ಗಮನಿಸಿ. ಬಲ ಬರುವುದು ಜಾಕಿನಿಂದ ಮತ್ತು ಒತ್ತಡದಿಂದ. ಇಂಜಿನ್ ದೊಡ್ಡದಾದ ಮಾತ್ರಕ್ಕೆ ಬಲ ಹೆಚ್ಚುವುದಿಲ್ಲ, ವೇಗ ಹೆಚ್ಚುತ್ತದೆ. ಈಗ ಹೇಳಿದ 10 ಸೆಂಟಿಮೀಟರಿನ ಜಾಕು ಎರಡು ಅಡಿ ಮುಂದೆ ಹೋಗಲು ಐದು ಲೀಟರಿಗಿಂತ ಸ್ವಲ್ಪ ಕಡಿಮೆ ಎಣ್ಣೆ ಬೇಕು. ಪಂಪು ನಿಮಿಷಕ್ಕೆ 25 ಲೀಟರ್ ತಳ್ಳಿದರೆ ಹನ್ನೊಂದು-ಹನ್ನೆರಡು ಸೆಕೆಂಡಿನಲ್ಲಿ ಹೋಗುತ್ತದೆ. ಪೂರ್ತಿ ಒತ್ತಡದಲ್ಲಿ ಅಷ್ಟು ಎಣ್ಣೆ ತಳ್ಳಲು ಹತ್ತು-ಹನ್ನೆರಡು ಹಾರ್ಸ್‌ಪವರ್ ಸಾಕು. ನಿಮ್ಮ ಟ್ರ್ಯಾಕ್ಟರ್ ನಲವತ್ತು ಹಾರ್ಸ್‌ಪವರಿನದು. ಅಂದರೆ ಕಟ್ಟಿಗೆ ಒಡೆಯಲು ಟ್ರ್ಯಾಕ್ಟರ್ ಹಚ್ಚಿದರೆ ನಾಲ್ಕು ಎತ್ತಿನ ಗಾಡಿಗೆ ಒಂದು ಎತ್ತಿನ ಹೇರು ಹಾಕಿದ ಹಾಗೆ.

ಹಾಗಾದರೆ ಆರೇಳು ಹಾರ್ಸ್‌ಪವರಿನ ಸಣ್ಣ ಇಂಜಿನ್ ಹೇಗೆ ನಿಭಾಯಿಸುತ್ತದೆ? ಅದಕ್ಕೆ ಎರಡು ಹಂತದ ಪಂಪು ಜೋಡಿಸುತ್ತಾರೆ. ದಂಡ ಖಾಲಿ ಸರಿಯುವಾಗ ಕಡಿಮೆ ಒತ್ತಡದಲ್ಲಿ ಹೆಚ್ಚು ಎಣ್ಣೆ ಹೋಗುತ್ತದೆ, ಬೇಗ ಸರಿಯುತ್ತದೆ. ದಿಮ್ಮಿಗೆ ತಾಗಿ ಗಂಟು ಸಿಕ್ಕಾಗ ತಾನಾಗಿಯೇ ಕಡಿಮೆ ಎಣ್ಣೆ, ಹೆಚ್ಚು ಒತ್ತಡಕ್ಕೆ ಬದಲಾಗುತ್ತದೆ. ಏರು ಬಂದಾಗ ನಾವು ಗೇರು ಇಳಿಸುತ್ತೇವಲ್ಲ, ಹಾಗೆಯೇ. ಸ್ವಂತ ಇಂಜಿನ್ನಿನ ಯಂತ್ರ ಕೊಳ್ಳುವಾಗ ಕೇಳಲೇಬೇಕಾದ ಮೊದಲ ಪ್ರಶ್ನೆ ಇದು: ಪಂಪು ಒಂದು ಹಂತದ್ದೋ, ಎರಡು ಹಂತದ್ದೋ?

ಇನ್ನು ಟ್ರ್ಯಾಕ್ಟರಿಗೆ ಕಟ್ಟುವ ಯಂತ್ರದಲ್ಲೂ ಎರಡು ಬಗೆ ಇವೆ. ಒಂದು, ಟ್ರ್ಯಾಕ್ಟರಿನದೇ ಹಾಯ್ಡ್ರಾಲಿಕ್ ಎಣ್ಣೆಯನ್ನು ಪೈಪಿನ ಮೂಲಕ ತೆಗೆದುಕೊಳ್ಳುವುದು. ಇನ್ನೊಂದು, ಯಂತ್ರಕ್ಕೇ ಬೇರೆ ಪಂಪು, ಬೇರೆ ಎಣ್ಣೆ ಟ್ಯಾಂಕು ಇದ್ದು, ಪಿ.ಟಿ.ಓ. ಶಾಫ್ಟಿನಿಂದ ತಿರುಗುವುದು. ಮೊದಲನೆಯದು ಅಗ್ಗ. ಒಬ್ಬನೇ ಮಾಲಕ, ಒಂದೇ ಟ್ರ್ಯಾಕ್ಟರ್ ಇದ್ದಲ್ಲಿ ಅಡ್ಡಿಯಿಲ್ಲ. ಸಂಘಕ್ಕೆ ಮಾತ್ರ ಅದು ಬೇಡ. ಯಾಕೆಂದರೆ ನಮ್ಮ ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಗೇರಿನ ಎಣ್ಣೆ, ಹಾಯ್ಡ್ರಾಲಿಕ್ ಎಣ್ಣೆ ಎರಡೂ ಒಂದೇ ಹೊಟ್ಟೆಯಲ್ಲಿ ಇರುತ್ತವೆ. ಇವತ್ತು ಒಬ್ಬರ ಟ್ರ್ಯಾಕ್ಟರಿನ ಹಳೆಯ ಕರೀ ಎಣ್ಣೆ ಯಂತ್ರದ ಜಾಕಿನಲ್ಲಿ, ಪೈಪಿನಲ್ಲಿ ಉಳಿದಿರುತ್ತದೆ. ನಾಳೆ ಇನ್ನೊಬ್ಬರ ಹೊಸ ಟ್ರ್ಯಾಕ್ಟರಿಗೆ ಕಟ್ಟಿದಾಗ ಆ ಹೊಲಸು, ಆ ಲೋಹದ ಪುಡಿ ಅವರ ಗೇರ್‌ಬಾಕ್ಸಿಗೆ ಸೇರುತ್ತದೆ. ಒಂದು ಊರಿನ ನೀರು ಹತ್ತು ಮನೆಯ ಹಂಡೆ ಸುತ್ತಿ ಬಂದ ಹಾಗೆ. ಆಮೇಲೆ ಗೇರ್‌ಬಾಕ್ಸ್ ಕೆಟ್ಟರೆ ಜಗಳ ಸಂಘದ ಬಾಗಿಲಿಗೇ ಬರುತ್ತದೆ. ಆದ್ದರಿಂದ ಟ್ರ್ಯಾಕ್ಟರಿನದೇ ಆಗಲಿ ಎಂದು ನೀವು ಠರಾವು ಮಾಡಿದರೂ ಬೇರೆ ಪಂಪು, ಬೇರೆ ಟ್ಯಾಂಕು ಇರುವುದನ್ನೇ ತನ್ನಿ.

ಈಗ ಖರ್ಚಿನ ಲೆಕ್ಕ. ಯಂತ್ರದ ದರ ಕಂಪನಿಗೊಂದು, ಊರಿಗೊಂದು. ನಾನಿಲ್ಲಿ ಹೇಳುವ ರಕಮುಗಳು ಲೆಕ್ಕ ತಿಳಿಯಲೆಂದು ಹಿಡಿದವು. ನಿಮ್ಮ ಕೈಗೆ ಕೊಟೇಶನ್ ಬಂದ ಮೇಲೆ ಆ ಜಾಗದಲ್ಲಿ ನಿಜವಾದ ರಕಮು ಹಾಕಿಕೊಳ್ಳಿ. ಲೆಕ್ಕದ ದಾರಿ ಮಾತ್ರ ಇದೇ.

ಟ್ರ್ಯಾಕ್ಟರಿಗೆ ಕಟ್ಟುವ ಯಂತ್ರಕ್ಕೆ 1,20,000 ರೂಪಾಯಿ, ಸ್ವಂತ ಇಂಜಿನ್ನಿನದಕ್ಕೆ 1,80,000 ರೂಪಾಯಿ ಎಂದು ಹಿಡಿಯೋಣ. ಎರಡೂ ಹತ್ತು ವರ್ಷ ಬಾಳುತ್ತವೆ ಎನ್ನೋಣ. ಸವಕಳಿ ಮೊದಲನೆಯದಕ್ಕೆ ವರ್ಷಕ್ಕೆ 12,000, ಎರಡನೆಯದಕ್ಕೆ 18,000. ಹತ್ತು ವರ್ಷದಲ್ಲಿ ಹಾಕಿದ ಬಂಡವಾಳ ಸರಾಸರಿ ಅರ್ಧ ಎಂದು ಹಿಡಿದು ಶೇಕಡಾ 9ರ ಬಡ್ಡಿ ಹಾಕಿದರೆ 5,400 ಮತ್ತು 8,100. ರಿಪೇರಿ, ಎಣ್ಣೆ ಬದಲಿ, ಫಿಲ್ಟರ್ ಸೇರಿ ಮೊದಲನೆಯದಕ್ಕೆ 2,000, ಇಂಜಿನ್ ಇರುವುದರಿಂದ ಎರಡನೆಯದಕ್ಕೆ 6,000. ಒಟ್ಟು ಯಂತ್ರ ನಿಂತರೂ ಬೀಳುವ ವರ್ಷದ ಖರ್ಚು: ಟ್ರ್ಯಾಕ್ಟರಿನದಕ್ಕೆ 19,400, ಸ್ವಂತ ಇಂಜಿನ್ನಿನದಕ್ಕೆ 32,100. ಇಲ್ಲಿಯವರೆಗೆ ಟ್ರ್ಯಾಕ್ಟರ್ ಪಕ್ಷವೇ ಗೆದ್ದಿತು.

ಇನ್ನು ಓಡಿಸಿದಾಗಿನ ಖರ್ಚು. ಪಿ.ಟಿ.ಓ. ನಿಮಿಷಕ್ಕೆ 540 ಸುತ್ತು ತಿರುಗಬೇಕಾದರೆ ಟ್ರ್ಯಾಕ್ಟರಿನ ಇಂಜಿನ್ ಸಾಕಷ್ಟು ವೇಗದಲ್ಲೇ ಓಡುತ್ತಿರಬೇಕು. ಕೆಲಸ ಹಗುರಾದರೂ ಗಂಟೆಗೆ ಮೂರು ಲೀಟರ್ ಡೀಸೆಲ್ ಎಂದು ಹಿಡಿಯಿರಿ. ಲೀಟರಿಗೆ 90 ರೂಪಾಯಿಯಂತೆ 270. ಟ್ರ್ಯಾಕ್ಟರು ಸವೆಯುವುದಕ್ಕೂ ಬೆಲೆ ಇದೆ. ಏಳು ಲಕ್ಷದ ಟ್ರ್ಯಾಕ್ಟರು ಹತ್ತು ಸಾವಿರ ಗಂಟೆ ದುಡಿಯುತ್ತದೆ ಎಂದರೆ ಗಂಟೆಗೆ 70 ರೂಪಾಯಿ. ಒಟ್ಟು 340. ಸಣ್ಣ ಡೀಸೆಲ್ ಇಂಜಿನ್ನಿಗೆ ಗಂಟೆಗೆ ಒಂದು ಲೀಟರ್, 90 ರೂಪಾಯಿ. ಗಂಟೆಗೆ 250 ರೂಪಾಯಿ ಉಳಿತಾಯ. ಈ ಡೀಸೆಲ್ಲಿನ ಲೆಕ್ಕವನ್ನು ನೀವೇ ಪರೀಕ್ಷೆ ಮಾಡಬಹುದು. ಟ್ಯಾಂಕು ಬಾಯಿಮಟ ತುಂಬಿಸಿ, ಒಂದು ಗಂಟೆ ಒಡೆಸಿ, ಮತ್ತೆ ಬಾಯಿಮಟ ತುಂಬಿಸಲು ಎಷ್ಟು ಹಿಡಿಯಿತು ಎಂದು ಅಳೆದರೆ ಮುಗಿಯಿತು.

ಈಗ ಎರಡನ್ನೂ ಕೂಡಿಸಿ. ವರ್ಷದ ಖರ್ಚಿನಲ್ಲಿ ಸ್ವಂತ ಇಂಜಿನ್ನಿನದು 12,700 ಹೆಚ್ಚು. ಗಂಟೆಯ ಖರ್ಚಿನಲ್ಲಿ 250 ಕಡಿಮೆ. ಭಾಗಿಸಿದರೆ 51 ಗಂಟೆ. ಅಂದರೆ ವರ್ಷಕ್ಕೆ 51 ಗಂಟೆಗಿಂತ ಕಡಿಮೆ ಕೆಲಸ ಇದ್ದವರಿಗೆ ಟ್ರ್ಯಾಕ್ಟರಿಗೆ ಕಟ್ಟುವುದೇ ಅಗ್ಗ. ಅದಕ್ಕಿಂತ ಹೆಚ್ಚು ಇದ್ದವರಿಗೆ ಸ್ವಂತ ಇಂಜಿನ್ನಿನದು ಅಗ್ಗ. ಉದಾಹರಣೆಗೆ 30 ಗಂಟೆ ಮಾತ್ರ ಓಡಿಸಿದರೆ ಟ್ರ್ಯಾಕ್ಟರಿನದು ಗಂಟೆಗೆ ಸುಮಾರು 990 ರೂಪಾಯಿ, ಸ್ವಂತ ಇಂಜಿನ್ನಿನದು 1,160. ಅದೇ 200 ಗಂಟೆ ಓಡಿಸಿದರೆ ಟ್ರ್ಯಾಕ್ಟರಿನದು 437, ಸ್ವಂತ ಇಂಜಿನ್ನಿನದು 250ರ ಆಸುಪಾಸು. ಆಳಿನ ಪಗಾರ ಎರಡಕ್ಕೂ ಒಂದೇ, ಆದ್ದರಿಂದ ಸೇರಿಸಿಲ್ಲ.

ಹೀಗಾಗಿ ಟ್ರ್ಯಾಕ್ಟರ್ ಪಕ್ಷದ ಹಿರಿಯರು ಹೇಳುವುದು ತಪ್ಪಲ್ಲ. ಮನೆಯಲ್ಲಿ ಟ್ರ್ಯಾಕ್ಟರ್ ಇದೆ, ವರ್ಷಕ್ಕೆ ಇಪ್ಪತ್ತು ಗಂಟೆ ಕಟ್ಟಿಗೆ ಕೆಲಸ ಇದೆ ಎನ್ನುವವರಿಗೆ ಅವರ ಮಾತೇ ಸರಿ. ಇಂಜಿನ್ ಒಂದು ಕಡಿಮೆ ಇದ್ದಷ್ಟೂ ತಲೆಬೇನೆ ಕಡಿಮೆ. ಎಂಟು-ಒಂಬತ್ತು ತಿಂಗಳು ಸುಮ್ಮನೆ ನಿಂತ ಸಣ್ಣ ಇಂಜಿನ್ ಬೇಕಾದ ದಿನವೇ ಚಾಲೂ ಆಗದೆ ಕೈಕೊಡುವುದನ್ನು ಪಂಪ್‌ಸೆಟ್ ಇದ್ದವರೆಲ್ಲ ಬಲ್ಲಿರಿ.

ಆದರೆ ನಾವು ಇಲ್ಲಿ ಒಂದು ಮನೆಗೆ ಯಂತ್ರ ತರುತ್ತಿಲ್ಲ, ಸಂಘಕ್ಕೆ ತರುತ್ತಿದ್ದೇವೆ. ಇಲ್ಲಿಂದ ಪ್ರಶ್ನೆ ಬೇರೆಯಾಗುತ್ತದೆ.

ಟ್ರ್ಯಾಕ್ಟರ್ ಇಲ್ಲದ ಒಬ್ಬ ಸದಸ್ಯರನ್ನು ನೆನೆಯಿರಿ. ಅವರಿಗೆ ಒಂದೆಕರೆ ಗದ್ದೆ, ಹತ್ತಿಪ್ಪತ್ತು ಗುಂಟೆ ತೋಟ. ಸಂಘದಿಂದ ಟ್ರ್ಯಾಕ್ಟರಿಗೆ ಕಟ್ಟುವ ಯಂತ್ರ ಬಾಡಿಗೆಗೆ ಪಡೆದರು. ಮುಂದೆ? ಟ್ರ್ಯಾಕ್ಟರ್ ಇದ್ದವರ ಮನೆಗೆ ಹೋಗಿ, "ಅಣ್ಣಾ, ಒಂದೆರಡು ತಾಸು ಟ್ರ್ಯಾಕ್ಟರ್ ಕೊಡ್ರಿ" ಎಂದು ಕೇಳಬೇಕು. ಆಗ ಅವರಿಗೆ ಎರಡು ಬಾಡಿಗೆ: ಸಂಘಕ್ಕೊಂದು, ಟ್ರ್ಯಾಕ್ಟರ್ ಮಾಲಕರಿಗೊಂದು. ಎರಡು ಪಾಳಿ ಕಾಯಬೇಕು. ಎರಡೂ ಒಂದೇ ದಿನ ಕೂಡಿ ಬರಬೇಕು.

ಕೂಡಿ ಬರುವುದೂ ಕಷ್ಟ. ಅಕ್ಟೋಬರ್‌ದಿಂದ ಡಿಸೆಂಬರ್‌ವರೆಗೆ ಗೋವಿನಜೋಳದ ರಾಶಿ, ಭತ್ತದ ಕೊಯ್ಲು, ಒಕ್ಕಲು, ಹೇರು. ಅಡಿಕೆ ಕೊಯ್ಲೂ ಅದೇ ಹಂಗಾಮಿಗೆ ಬರುತ್ತದೆ. ಆ ದಿನಗಳಲ್ಲಿ ಟ್ರ್ಯಾಕ್ಟರ್ ಇದ್ದವರಿಗೆ ಊಟಕ್ಕೂ ಪುರಸತ್ತಿರುವುದಿಲ್ಲ. ಅವರು ಕೊಡಲಿಲ್ಲ ಎಂದರೆ ಅವರದು ತಪ್ಪಲ್ಲ, ಅವರ ರಾಶಿಯೂ ಕಣದಲ್ಲಿ ಬಿದ್ದಿರುತ್ತದೆ, ಮೇಲೆ ಮೋಡ ಕಟ್ಟಿರುತ್ತದೆ.

"ಕಟ್ಟಿಗೀನ ಬ್ಯಾಸಗ್ಯಾಗ ಒಡಸಿದ್ರ ಆತಲ್ರಿ?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ನಿಜವಾಗಿ ನೋಡಿದರೆ ಹಾಗೆಯೇ ಮಾಡಬೇಕು. ಫೆಬ್ರುವರಿಯಿಂದ ಮೇ ತಿಂಗಳೊಳಗೆ ಒಡೆದು, ಅಟ್ಟಿ ಹಾಕಿ, ಮಳೆಗೆ ಮೊದಲು ಸೂರಿನಡಿ ಸೇರಿಸಿದರೆ ಮಳೆಗಾಲದ ಬಚ್ಚಲಿಗೂ ಆಯಿತು, ಅಡಿಕೆ ಹಂಗಾಮಿಗೂ ಆಯಿತು. ಹಸಿ ಇದ್ದಾಗ ಹೆಚ್ಚಿನ ಮರಗಳು ಸುಲಭವಾಗಿ ಸೀಳುತ್ತವೆ ಕೂಡ. ಆಗ ಟ್ರ್ಯಾಕ್ಟರುಗಳಿಗೆ ಸ್ವಲ್ಪ ಬಿಡುವೂ ಇರುತ್ತದೆ. ಇದು ಟ್ರ್ಯಾಕ್ಟರ್ ಪಕ್ಷದ ಪರವಾಗಿ ಹೇಳಬಹುದಾದ ಬಲವಾದ ಮಾತು. ಆದರೂ ಎರಡು ಬಾಡಿಗೆಯ ಮಾತು ಹಾಗೇ ಉಳಿಯುತ್ತದೆ. ಬೇಸಿಗೆಯಲ್ಲೇ ಒಡೆಸಿಡಲು ಎಲ್ಲರಿಗೂ ಜಾಗ, ಸೂರು, ಕೈಯಲ್ಲಿ ಹಣ ಇರಬೇಕಲ್ಲ? ಅದು ಇಲ್ಲದವರೇ ಅಡಿಕೆ ಸುಲಿದ ಮೇಲೆ ಕಟ್ಟಿಗೆಗೆ ಓಡಾಡುವವರು.

ಟ್ರ್ಯಾಕ್ಟರ್ ಇಲ್ಲದವರು ಎಷ್ಟು ಜನ? 2015-16ರ ಕೃಷಿ ಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರು ಎಕರೆ ಹದಿನಾಲ್ಕು ಗುಂಟೆ. ಅಷ್ಟು ಹೊಲಕ್ಕೆ ಟ್ರ್ಯಾಕ್ಟರ್ ಕೊಂಡರೆ ಹೊಲ ಟ್ರ್ಯಾಕ್ಟರನ್ನು ಸಾಕಬೇಕೇ ಹೊರತು ಟ್ರ್ಯಾಕ್ಟರ್ ಹೊಲವನ್ನು ಸಾಕುವುದಿಲ್ಲ. ಸಣ್ಣ ಹಿಡುವಳಿಯವರಿಗೆ ಯಂತ್ರ ಬಾಡಿಗೆಗೆ ಸಿಗಲಿ ಎಂದೇ ರಾಜ್ಯ ಸರಕಾರ 2014-15ರಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳನ್ನು ಆರಂಭಿಸಿತು. ಅದಕ್ಕೂ ಬಹಳ ಹಿಂದೆ, 1905ರಲ್ಲಿ, ನಮ್ಮ ಪಕ್ಕದ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಒಬ್ಬೊಬ್ಬರೇ ಹೋದರೆ ಸಾಹುಕಾರನ ಬಾಗಿಲು, ಕೂಡಿ ಹೋದರೆ ತಮ್ಮದೇ ಬಾಗಿಲು ಎನ್ನುವುದು ಅದರ ತಿರುಳು. ಸಂಘದ ಯಂತ್ರ ಪಡೆಯಲು ಸದಸ್ಯ ಮತ್ತೆ ಇನ್ನೊಬ್ಬರ ಬಾಗಿಲಿಗೆ ಹೋಗಬೇಕಾದರೆ ಆ ತಿರುಳೇ ಹೋಯಿತಲ್ಲ?

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಸ್ವಂತ ಟ್ರ್ಯಾಕ್ಟರ್ ಇದ್ದ ಮನೆಯವರು ತಮಗಾಗಿ ಕೊಳ್ಳುವುದಾದರೆ ಟ್ರ್ಯಾಕ್ಟರಿಗೆ ಕಟ್ಟುವುದನ್ನು ಕೊಳ್ಳಲಿ. ಸಂಘ ಕೊಳ್ಳುವುದಾದರೆ ಎರಡು ಗಾಲಿಯ ಮೇಲೆ ಕೂತ, ಸ್ವಂತ ಡೀಸೆಲ್ ಇಂಜಿನ್ನಿನ ಯಂತ್ರವನ್ನೇ ಕೊಳ್ಳಲಿ. ಟ್ರ್ಯಾಕ್ಟರು, ಪಿಕ್‌ಅಪ್ಪು ಯಾವುದರ ಹಿಂದಾದರೂ ಕಟ್ಟಿ ಒಯ್ದು ಬಿಟ್ಟರೆ ಸಾಕು. ಎಳೆದ ಗಾಡಿ ತನ್ನ ಕೆಲಸಕ್ಕೆ ಹೋಗುತ್ತದೆ. ಟ್ರ್ಯಾಕ್ಟರ್ ಹೊರಳದ ತೋಟದ ಸಣ್ಣ ದಾರಿಯಲ್ಲೂ ನಾಲ್ಕಾರು ಜನ ತಳ್ಳಿ ಒಯ್ಯಬಹುದು.

"ಕರೆಂಟ್ ಮೋಟರಿಂದು ಯಾಕ ಬ್ಯಾಡ?" ಎಂದು ಕೆಲವರು ಕೇಳಿದ್ದಾರೆ. ಒಂದೇ ಜಾಗದಲ್ಲಿ ಕೂತು ಕೆಲಸ ಮಾಡುವ ಸಾಮಿಲ್ಲಿಗೋ ಹೋಟೆಲ್ಲಿಗೋ ಅದು ಬಹಳ ಒಳ್ಳೆಯದು, ಸದ್ದೂ ಕಡಿಮೆ. ಊರೂರು ತಿರುಗುವ ಯಂತ್ರಕ್ಕೆ ಹೋದಲ್ಲೆಲ್ಲ ಮೂರು ಫೇಸ್ ಸಿಗಬೇಕು. ಪಂಪ್‌ಸೆಟ್ಟಿನ ಕರೆಂಟು ನೀರಾವರಿಗೆಂದು ಕೊಟ್ಟದ್ದು, ಅದಕ್ಕೆ ಬೇರೆ ಯಂತ್ರ ಹಚ್ಚುವಂತಿಲ್ಲ.

ಆದರೆ ಒಂದು ಶರತ್ತು. 51 ಗಂಟೆಯ ಮಾತು ಮರೆಯಬೇಡಿ. ಯಂತ್ರ ತರುವ ಮೊದಲು ಹೆಸರು ಬರೆಸಿಕೊಳ್ಳಿ. ನಲವತ್ತು ಮನೆಯವರು ತಲಾ ಐದು ಗಂಟೆ ಬರೆಸಿದರೆ 200 ಗಂಟೆ ಆಯಿತು, ಧೈರ್ಯವಾಗಿ ತನ್ನಿ. ಹತ್ತೇ ಮನೆಯವರು ನಾಲ್ಕು ನಾಲ್ಕು ಗಂಟೆ ಬರೆಸಿದರೆ 40 ಗಂಟೆ, ಆಗ ಸದ್ಯಕ್ಕೆ ಯಾವುದನ್ನೂ ತರಬೇಡಿ. ಬಾಯಿಮಾತಿನ ಹೆಸರು ಬೇಡ, ಸ್ವಲ್ಪ ಮುಂಗಡ ಇಸಿದುಕೊಂಡು ಬರೆಯಿರಿ. ಸಭೆಯಲ್ಲಿ ಎತ್ತಿದ ಕೈ ಬಾಡಿಗೆ ಕೊಡುವಾಗ ಕಿಸೆಯೊಳಗೇ ಉಳಿದ ಉದಾಹರಣೆ ಎಲ್ಲ ಊರಲ್ಲೂ ಇದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಸಂಘಕ್ಕೂ ಸಲ್ಲುವ ಮಾತು, ಇದು ನೂರಾರು ಜನರ ಶೇರಿನ ಹಣ.

ಇನ್ನು ಜೀವದ ಮಾತು. ಒಕ್ಕುವ ಯಂತ್ರಗಳು ಬಂದ ಕಾಲದಲ್ಲಿ ದೇಶದ ತುಂಬ ಎಷ್ಟೋ ಜನ ಕೈ ಕಳೆದುಕೊಂಡರು. ಕೇಂದ್ರ ಸರಕಾರ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆ ತಂದದ್ದು ಮುಖ್ಯವಾಗಿ ಆ ಕಾರಣಕ್ಕೆ. ಕಟ್ಟಿಗೆ ಒಡೆಯುವ ಯಂತ್ರ ಮೆಲ್ಲಗೆ ಸರಿಯುತ್ತದೆ, ಹಾಗಾಗಿ ಸಾಧು ಎಂದು ಅನಿಸುತ್ತದೆ. ಹದಿಮೂರು ಟನ್ನಿನ ಸಾಧು ಅದು.

ಪಿ.ಟಿ.ಓ. ಶಾಫ್ಟು ನಿಮಿಷಕ್ಕೆ 540 ಸುತ್ತು ಎಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಐದು ಸೆಂಟಿಮೀಟರ್ ದಪ್ಪದ ಶಾಫ್ಟು ಒಂದು ಸೆಕೆಂಡಿನಲ್ಲಿ ಸುಮಾರು 140 ಸೆಂಟಿಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ಸೀರೆಯ ಸೆರಗು, ಲುಂಗಿಯ ತುದಿ, ಹೆಗಲ ಮೇಲಿನ ಟವೆಲು ಸಿಕ್ಕರೆ "ಅಯ್ಯೋ" ಎನ್ನುವಷ್ಟರಲ್ಲಿ ಮನುಷ್ಯನೇ ಹೋಗಿರುತ್ತಾನೆ. ಶಾಫ್ಟಿಗೆ ಪ್ಲಾಸ್ಟಿಕ್ ಕವಚ ಇಲ್ಲದೆ ಯಾವ ಯಂತ್ರವನ್ನೂ ಓಡಿಸಬೇಡಿ. ಸ್ವಂತ ಇಂಜಿನ್ನಿನ ಯಂತ್ರದಲ್ಲಿ ಈ ಉದ್ದ ಶಾಫ್ಟೇ ಇರುವುದಿಲ್ಲ, ಅದೂ ಅದರ ಪರವಾದ ಒಂದು ಮಾತು.

ಒತ್ತುವ ದಂಡಕ್ಕೆ ಎರಡೂ ಕೈಯಿಂದ ಹಿಡಿದರೆ ಮಾತ್ರ ಚಲಿಸುವಂಥ ಹಿಡಿಕೆ ಇರಲಿ. ಒಂದು ಕೈ ಬಿಟ್ಟರೆ ತಕ್ಷಣ ನಿಲ್ಲಬೇಕು. ಒಬ್ಬರು ದಿಮ್ಮಿ ಹಿಡಿಯುವುದು, ಇನ್ನೊಬ್ಬರು ಹಿಡಿಕೆ ಒತ್ತುವುದು ಮಾಡಲೇಬೇಡಿ, ಕೈ ಹೋಗುವುದು ಹಾಗೆಯೇ. ದಿಮ್ಮಿ ಇಡುವವರೇ ಹಿಡಿಕೆ ಒತ್ತಲಿ. ಎಣ್ಣೆಯ ಪೈಪು ಸೋರುತ್ತಿದೆಯೇ ಎಂದು ಬೆರಳಿನಿಂದ ಸವರಿ ನೋಡಬೇಡಿ. ಆ ಒತ್ತಡದಲ್ಲಿ ಸೂಜಿಮೊನೆಯಷ್ಟು ತೂತಿನಿಂದ ಬಂದ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಸಣ್ಣ ಗಾಯ ಕಂಡರೂ ಒಳಗೆ ಕೈ ಕೊಳೆಯುತ್ತದೆ, ಕೂಡಲೇ ದವಾಖಾನೆಗೆ ಹೋಗಬೇಕು. ಸೋರುವುದನ್ನು ರಟ್ಟಿನ ತುಂಡು ಹಿಡಿದು ನೋಡಿ. ಕೆಲವು ಕಡೆ ತಿರುಪಿನ ಹಾಗೆ ತಿರುಗುವ ಚೂಪು ಶಂಕು ಇರುವ ಯಂತ್ರ ಅಗ್ಗಕ್ಕೆ ಸಿಗುತ್ತದೆ. ಅದು ಕಟ್ಟಿಗೆಯನ್ನು ಹೇಗೆ ಎಳೆಯುತ್ತದೋ ಕೈಗವಸನ್ನೂ ಹಾಗೇ ಎಳೆಯುತ್ತದೆ. ಎಷ್ಟೇ ಅಗ್ಗವಾದರೂ ಅದನ್ನು ಸಂಘದ ಅಂಗಳಕ್ಕೆ ತರಬೇಡಿ.

ಕೊನೆಯದಾಗಿ ಎರಡು ಮಾತು, ಎರಡೂ ಸ್ವಲ್ಪ ಕಹಿ.

ಒಂದು, ಯಂತ್ರ ಕಟ್ಟಿಗೆ ಒಡೆಯುತ್ತದೆ, ಬೆಳೆಸುವುದಿಲ್ಲ. ಸುತ್ತ ಕಾಡು ಇರುವ ತಾಲೂಕು ನಮ್ಮದು. ಒಡೆಯುವುದು ಸುಲಭವಾದರೆ ಕಡಿಯುವ ಕೈಯೂ ಉದ್ದವಾಗುತ್ತದೆ. ಸಂಘದ ಯಂತ್ರಕ್ಕೆ ಬರುವ ಕಟ್ಟಿಗೆ ಸ್ವಂತ ತೋಟ-ಹೊಲದ್ದೋ, ಅರಣ್ಯ ಇಲಾಖೆಯ ಡಿಪೋದಿಂದ ಪಾವತಿ ಸಮೇತ ತಂದದ್ದೋ ಎಂದು ಕೇಳಿ ಪುಸ್ತಕದಲ್ಲಿ ಬರೆಯಬೇಕು. ಸ್ವಂತ ಜಮೀನಿನ ಮರಕ್ಕೂ 1976ರ ಮರ ಸಂರಕ್ಷಣಾ ಕಾಯಿದೆ ಇದೆ. ನೀಲಗಿರಿ, ಗಾಳಿಮರ, ಸಿಲ್ವರ್ ಓಕ್‌ದಂಥ ಕೆಲವು ಮರಗಳನ್ನು ಬಿಟ್ಟರೆ ಕಡಿಯುವ ಮೊದಲು ಅನುಮತಿ ಬೇಕು. ಒಬ್ಬರ ಕಳ್ಳ ದಿಮ್ಮಿಗೆ ಇಡೀ ಸಂಘದ ಯಂತ್ರ ಜಪ್ತಿಯಾಗಬಾರದು. ಜೊತೆಗೆ ಒಲೆಯನ್ನೂ ನೋಡಿಕೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದವರು ಅಸ್ತ್ರ ಒಲೆ ರೂಪಿಸಿದ್ದು ಕಡಿಮೆ ಕಟ್ಟಿಗೆಯಲ್ಲಿ ಹೆಚ್ಚು ಕೆಲಸ ಆಗಲೆಂದೇ. ಒಣ ಸೀಳು ಮತ್ತು ಒಳ್ಳೆಯ ಒಲೆ ಎರಡೂ ಕೂಡಿದರೆ ಕಡಿಯಬೇಕಾದ ಮರವೇ ಕಡಿಮೆಯಾಗುತ್ತದೆ.

ಎರಡು, ಕೊಡಲಿ ಹಿಡಿದು ಕಟ್ಟಿಗೆ ಒಡೆದು ಹೊಟ್ಟೆ ಹೊರೆಯುವವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಯಂತ್ರ ಬಂದ ದಿನ ಅವರ ಪಗಾರ ಹೋಗುತ್ತದೆ. ಯಾವ ದಿಮ್ಮಿಯ ಎಳೆ ಎತ್ತ ಓಡುತ್ತದೆ, ಗಂಟು ಎಲ್ಲಿದೆ, ಯಾವ ತುದಿಯಿಂದ ಬೆಣೆ ಹಾಕಬೇಕು ಎನ್ನುವುದು ಅವರಿಗೆ ಗೊತ್ತಿದ್ದಷ್ಟು ಯಾವ ಮೆಕ್ಯಾನಿಕ್ಕಿಗೂ ಗೊತ್ತಿಲ್ಲ. ಯಂತ್ರ ನಡೆಸುವ ಕೆಲಸಕ್ಕೆ ಅವರಲ್ಲಿ ಇಬ್ಬರನ್ನೇ ತಗೊಳ್ಳಿ. ತರಬೇತಿ ಕೊಡಿಸಿ, ವಿಮೆ ಮಾಡಿಸಿ, ಬಾಡಿಗೆಯಲ್ಲಿ ಅವರ ಪಾಲು ಇಂತಿಷ್ಟು ಎಂದು ಠರಾವಿನಲ್ಲೇ ಬರೆಯಿರಿ. ಯಂತ್ರ ಯಾರ ಕೈಗೆ ಬೇಕೋ ಅವರ ಕೈಗೆ ಹೋಗಬಾರದು. ಆ ಇಬ್ಬರಲ್ಲಿ ಒಬ್ಬರು ಇಲ್ಲದೆ ಯಂತ್ರ ಸಂಘದ ಗೇಟು ದಾಟಬಾರದು.

ಪಾಳಿಯ ಪುಸ್ತಕ ಇರಲಿ, ಯಂತ್ರಕ್ಕೆ ಗಂಟೆ ತೋರಿಸುವ ಮೀಟರ್ ಇರಲಿ, ಬಾಡಿಗೆ ಗಂಟೆಯ ಲೆಕ್ಕದಲ್ಲಿ ಇರಲಿ. ಅಧ್ಯಕ್ಷರ ಮನೆಯಾದರೂ ಪಾಳಿ ಪಾಳಿಯೇ. ಸಂಘಗಳು ಒಡೆಯುವುದು ದೊಡ್ಡ ನಷ್ಟದಿಂದಲೇ ಅಂತಲ್ಲ, "ಅವರಿಗೆ ಮೊದಲು ಕೊಟ್ಟರು" ಎಂಬ ಸಣ್ಣ ಮಾತಿನಿಂದಲೂ ಒಡೆಯುತ್ತವೆ. ಕಟ್ಟಿಗೆ ಒಡೆಯಲು ತಂದ ಯಂತ್ರ ಸಂಘವನ್ನು ಒಡೆಯದಿರಲಿ.

ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಈ ವಿಷಯ ಬಂದಾಗ ಟ್ರ್ಯಾಕ್ಟರ್ ಇದ್ದವರೂ ಇಲ್ಲದವರೂ ಒಂದೇ ಚಾಪೆಯ ಮೇಲೆ ಕೂತು ಹೆಸರಿನ ಪಟ್ಟಿ ಮುಂದಿಟ್ಟುಕೊಂಡು ನಿರ್ಧಾರ ಮಾಡಿ. ಸಂಘ ಇನ್ನೂ ಇಪ್ಪತ್ತೈದು ವರ್ಷ ನಡೆದು ಬಂಗಾರದ ಹಬ್ಬ ಕಾಣಲಿ.

ಜೈ ಸಹಕಾರ.